ಫ್ಯಾನ್ ಸರಿ ಇದೆ, ನೀರು ಮಾತ್ರ ತಣ್ಣಗಾಗುತ್ತಿಲ್ಲ: ಕೂಲಿಂಗ್ ಟವರ್ ನಾಜಲ್ ಬಗ್ಗೆ ಗೊತ್ತಿರೋರು ಹೇಳಿ

ಕೊಪ್ಪಳ_ಮೆಕ್ಯಾನಿಕ್

ಎಲ್ಲರಿಗೂ ನಮಸ್ಕಾರ. ಕೊಪ್ಪಳದ ಕಡೆ ಒಂದು ಕಾರ್ಖಾನೆಯಲ್ಲಿ ಮೇಂಟೆನೆನ್ಸ್ ಕೆಲಸ ನನ್ನದು. ಯುಟಿಲಿಟಿ ವಿಭಾಗಕ್ಕೆ ಬಂದು ಎಂಟು ತಿಂಗಳಾಯಿತು. ಅದಕ್ಕೆ ಮುಂಚೆ ಕನ್ವೇಯರ್ ಬಿಟ್ಟರೆ ನನಗೆ ಬೇರೆ ಗೊತ್ತಿರಲಿಲ್ಲ, ಹಾಗಾಗಿ ದಡ್ಡ ಪ್ರಶ್ನೆ ಕೇಳಿದರೆ ಬೈಯಬೇಡಿ.

ನಮ್ಮಲ್ಲಿ ಯಂತ್ರಗಳಿಂದ ಬರುವ ಬಿಸಿನೀರನ್ನು ತಣಿಸುವ ಕೂಲಿಂಗ್ ಟವರ್ ಇದೆ, ಎರಡು ಸೆಲ್, ಅಂದರೆ ಎರಡು ಬೇರೆ ಬೇರೆ ಕೋಣೆ. ಕೌಂಟರ್‌ಫ್ಲೋ (ನೀರು ಕೆಳಗೆ ಇಳಿಯುತ್ತದೆ, ಗಾಳಿ ಎದುರಾಗಿ ಮೇಲೆ ಹೋಗುತ್ತದೆ), ನೆತ್ತಿಯ ಮೇಲೆ ಫ್ಯಾನ್. ಗಂಟೆಗೆ ಒಟ್ಟು 1500 ಕ್ಯೂಬಿಕ್ ಮೀಟರ್ ನೀರು, ಒಂದೊಂದು ಸೆಲ್‌ಗೆ ಅರ್ಧರ್ಧ. ಬಿಸಿನೀರು ಬರುವುದು 40 ಡಿಗ್ರಿಯಲ್ಲಿ. ಒಂದನೇ ಸೆಲ್‌ನ ಕೆಳಗೆ ಅಳೆದರೆ 31.5. ಎರಡನೇ ಸೆಲ್‌ನ ಕೆಳಗೆ 34. ಮಾರ್ಚ್‌ನಿಂದ ಇದೇ ಕಥೆ.

ಎರಡನೇ ಸೆಲ್ ಫ್ಯಾನಿನ ಬ್ಲೇಡ್ ಕೋನ ಎರಡು ಡಿಗ್ರಿ ಜಾಸ್ತಿ ಮಾಡಿದೆವು. ಆಂಪ್ಸ್ ಏರಿತು, ನೀರಿನ ಬಿಸಿ ಇಳಿಯಲಿಲ್ಲ. ಈಗ ಸಾಹೇಬರು ಫಿಲ್, ಅಂದರೆ ಒಳಗೆ ನೀರು ಹರಡಿಕೊಂಡು ಇಳಿಯುವ ಹಾಳೆಗಳನ್ನು, ಪೂರ್ತಿ ಬದಲಿಸೋಣ ಅನ್ನುತ್ತಿದ್ದಾರೆ. ಅದು ಲಕ್ಷಗಟ್ಟಲೆ ಖರ್ಚು. ಅದಕ್ಕೆ ಮುಂಚೆ ನೋಡಬೇಕಾದ್ದು ಏನಾದರೂ ಇದೆಯಾ?

ಗ್ಯಾಸ್ಕೆಟ್_ಗೌಡ

ಫಿಲ್ ಹೋಗಿರುತ್ತದೆ ಬಿಡಿ. ಎಷ್ಟು ವರ್ಷ ಆಯಿತು? ನಮ್ಮಲ್ಲಿ ಆರನೇ ವರ್ಷಕ್ಕೆ ಕೆಸರು ತುಂಬಿ ಇಟ್ಟಿಗೆಯಂತೆ ಭಾರ ಆಗಿತ್ತು.

ನೀರಗಂಟಿ

ಗೌಡ್ರೇ, ಸ್ವಲ್ಪ ತಡೀರಿ. ಫಿಲ್‌ಗೆ ಕೈ ಹಾಕುವ ಮೊದಲು ನೀರು ಫಿಲ್ ಮೇಲೆ ಎಲ್ಲಿ ಬೀಳುತ್ತಿದೆ ನೋಡಬೇಕು.

ನಾನು ನಿವೃತ್ತಿಯಾಗಿ ನಾಲ್ಕು ವರ್ಷ ಆಯಿತು. ಮೂವತ್ತು ವರ್ಷ ಕೂಲಿಂಗ್ ಟವರ್ ಮತ್ತು ಪಂಪ್‌ಹೌಸ್‌ನಲ್ಲೇ ಕಳೆದವನು. ನಮ್ಮಪ್ಪ ಊರಿನ ಕೆರೆಗೆ ನೀರಗಂಟಿಯಾಗಿದ್ದ, ಆ ಹೆಸರನ್ನೇ ಇಲ್ಲಿ ಇಟ್ಟುಕೊಂಡಿದ್ದೇನೆ. ತೂಬು ಎತ್ತಿ, ಯಾವ ಗದ್ದೆಗೆ ಎಷ್ಟು ಹೊತ್ತು ನೀರು ಅಂತ ನೋಡುವುದು ಅವನ ಕೆಲಸ. ಕೆರೆ ತುಂಬಿದ್ದರೂ ಹಂಚುವುದು ಕೆಟ್ಟರೆ ಅರ್ಧ ಗದ್ದೆ ಒಣಗುತ್ತದೆ, ಇನ್ನರ್ಧ ಕೊಳೆಯುತ್ತದೆ. ನಿಮ್ಮ ಟವರ್‌ನಲ್ಲಿ ಆಗಿರುವುದೂ ಅದೇ ಇರಬೇಕು ಅನ್ನೋದು ನನ್ನ ಗುಮಾನಿ.

ಬೇಸಿಗೆಯಲ್ಲಿ ಮಣ್ಣಿನ ಮಡಕೆ ಬೆವರಿ ನೀರು ತಣ್ಣಗಾಗುತ್ತದಲ್ಲ, ಟವರ್ ಮಾಡುವುದೂ ಅಷ್ಟೇ. ಒಂದು ಕೆಜಿ ನೀರು ಆವಿಯಾಗಿ ಹೋಗುವಾಗ ಸುಮಾರು 2400 ಕಿಲೋಜೂಲ್ ಶಾಖ ಹೊತ್ತುಕೊಂಡು ಹೋಗುತ್ತದೆ. ಅಂದರೆ ನೂರು ಕೆಜಿಯಲ್ಲಿ ಒಂದು ಕೆಜಿ ಆವಿಯಾದರೆ ಉಳಿದದ್ದು ಆರು ಡಿಗ್ರಿಯಷ್ಟು ತಣ್ಣಗಾಗುತ್ತದೆ. ಆವಿ ಏಳಬೇಕು ಅಂದರೆ ನೀರು ತೆಳುವಾಗಿ ಹರಡಿ ಗಾಳಿಗೆ ಮೈ ಒಡ್ಡಬೇಕು. ಹರಡುವ ಕೆಲಸ ಶುರುವಾಗುವುದು ಫಿಲ್‌ನಲ್ಲಿ ಅಲ್ಲ. ಅದಕ್ಕೆ ಮೇಲೆ ಇರುವ ಹೆಡರ್ (ದೊಡ್ಡ ಪೈಪು), ಅದರಿಂದ ಕವಲೊಡೆದ ಲ್ಯಾಟರಲ್ ಪೈಪು, ಅದರಲ್ಲಿ ಕೂರಿಸಿದ ನೀರು ಚಿಮುಕಿಸುವ ಬಾಯಿ, ಅಂದರೆ ನಾಜಲ್‌ಗಳಲ್ಲಿ. ಈಗಿನ ಫಿಲ್ ಜೇನುಗೂಡಿನ ಥರ ಇರುತ್ತದೆ, ಪಿವಿಸಿ ಹಾಳೆ. ಮೇಲಿಂದ ನೀರು ಎಲ್ಲಿ ಬಿತ್ತೋ ಬಹುಮಟ್ಟಿಗೆ ಅದೇ ಜಾಗದಲ್ಲಿ ಇಳಿದು ಹೋಗುತ್ತದೆ, ಪಕ್ಕಕ್ಕೆ ಜಾಸ್ತಿ ಹರಡುವುದಿಲ್ಲ. ಹಳೇ ಕಾಲದ ಮರದ ಪಟ್ಟಿಯ ಸ್ಪ್ಲಾಶ್ ಫಿಲ್ ಆಗಿದ್ದರೆ ನೀರು ಪಟ್ಟಿಗೆ ಬಡಿದು, ಚದುರಿ, ಮೇಲಿನ ತಪ್ಪನ್ನು ಒಂದಿಷ್ಟು ತಾನೇ ತಿದ್ದಿಕೊಳ್ಳುತ್ತಿತ್ತು. ಹೊಸದು ಅಷ್ಟು ಉದಾರಿ ಅಲ್ಲ.

ಇನ್ನೊಂದು ವಿಷಯ. ನೀರು ಬೀಳದ ಜಾಗದಲ್ಲಿ ಗಾಳಿಗೆ ಅಡ್ಡಿ ಕಡಿಮೆ. ಫ್ಯಾನ್ ಎಳೆಯುವ ಗಾಳಿ ಅದೇ ದಾರಿ ಹಿಡಿದು ಸಲೀಸಾಗಿ ಮೇಲೆ ಹೋಗಿಬಿಡುತ್ತದೆ, ನೀರನ್ನು ಮುಟ್ಟುವುದೇ ಇಲ್ಲ. ನೀರು ಜಾಸ್ತಿ ಸುರಿಯುವ ಕಡೆ ಗಾಳಿ ಕಡಿಮೆ. ಹಾಗಾಗಿ ನೀವು ಬ್ಲೇಡ್ ಎಷ್ಟು ತಿರುಗಿಸಿದರೂ ಕರೆಂಟ್ ಬಿಲ್ ಏರುತ್ತದೆ ಅಷ್ಟೇ.

ಮೊದಲು ಬ್ಲೇಡ್ ಕೋನ ಹಿಂದಿನಂತೆ ಮಾಡಿ. ಆಮೇಲೆ ಎರಡು ಸೆಲ್‌ಗೂ ನೀರು ನಿಜವಾಗಿ ಸಮ ಹೋಗುತ್ತಿದೆಯಾ ನೋಡಿ. ನೀರು ಮೇಲೇರುವ ಪೈಪು, ಅಂದರೆ ರೈಸರ್ ಮೇಲೆ ಪ್ರೆಶರ್ ಗೇಜ್ ಇದೆಯಾ?

ಕೊಪ್ಪಳ_ಮೆಕ್ಯಾನಿಕ್

ಸರ್, ಇಷ್ಟು ಬಿಡಿಸಿ ಯಾರೂ ಹೇಳಿರಲಿಲ್ಲ, ಧನ್ಯವಾದ. ಗೇಜ್ ಇದೆ. ಒಂದನೇ ಸೆಲ್ 0.25 ಬಾರ್ ತೋರಿಸುತ್ತದೆ. ಎರಡನೇದರಲ್ಲಿ ಮುಳ್ಳು 0.15ರ ಹತ್ತಿರ ಆಡುತ್ತದೆ. ಎರಡೂ ವಾಲ್ವ್ ಒಂದೇ ಅಳತೆಗೆ ತೆರೆದಿವೆ. ಗೇಜ್ ಕೆಟ್ಟಿದೆ ಅಂದುಕೊಂಡಿದ್ದೆವು.

ಗ್ಯಾಸ್ಕೆಟ್_ಗೌಡ

ಒತ್ತಡ ಕಡಿಮೆ ಅಂದರೆ ನೀರು ಕಡಿಮೆ ಹೋಗುತ್ತಿದೆ. ನೀರು ಕಡಿಮೆ ಆದರೆ ಇನ್ನೂ ಜಾಸ್ತಿ ತಣ್ಣಗಾಗಬೇಕಿತ್ತಲ್ಲ? ತಾಳೆ ಆಗುತ್ತಿಲ್ಲ.

ನೀರಗಂಟಿ

ಒಳ್ಳೇ ಪ್ರಶ್ನೆ. ಒತ್ತಡ ಕಡಿಮೆ ಇರುವುದಕ್ಕೆ ಎರಡು ಕಾರಣ ಇರಬಹುದು. ನೀರು ಕಡಿಮೆ ಬರುತ್ತಿರಬಹುದು. ಅಥವಾ ಬಂದ ನೀರಿಗೆ ಎಲ್ಲೋ ದೊಡ್ಡ ಬಾಯಿ ಸಿಕ್ಕಿರಬಹುದು. ಬಿಂದಿಗೆಗೆ ತೂತು ಬಿದ್ದರೆ ನೀರು ನಿಲ್ಲುತ್ತದೆಯೇ? ಅದೇ ಕೇಸು. ನಾಜಲ್ ಕಳಚಿ ಬಿದ್ದಿದ್ದರೆ ಅಲ್ಲಿ ಬರೀ ತೂತು ಉಳಿದಿರುತ್ತದೆ, ನೀರು ಮುದ್ದೆಯಾಗಿ ಧಪಧಪ ಸುರಿಯುತ್ತದೆ.

ಕೊಪ್ಪಳದವರೇ, ಗೇಜ್ ಕೆಟ್ಟಿದೆ ಅಂತ ತೀರ್ಮಾನ ಮಾಡುವ ಮೊದಲು ಎರಡೂ ಗೇಜ್ ಅದಲುಬದಲು ಮಾಡಿ ನೋಡಿ. ಹತ್ತು ನಿಮಿಷದ ಕೆಲಸ.

ಎಸಿ_ಪ್ಲಾಂಟ್

ನಡುವೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ನಾನು ಬೆಂಗಳೂರಿನಲ್ಲಿ ಒಂದು ಆಫೀಸ್ ಕಟ್ಟಡದ ಎಸಿ ಪ್ಲಾಂಟ್ ನೋಡಿಕೊಳ್ಳುವವನು. ನಮ್ಮದರಲ್ಲಿ ಪೈಪೂ ಇಲ್ಲ, ಒತ್ತಡವೂ ಇಲ್ಲ. ಮೇಲೆ ಅಗಲವಾದ ಟ್ರೇ ಇದೆ, ಅದರ ತಳದಲ್ಲಿ ಪ್ಲಾಸ್ಟಿಕ್ ನಾಜಲ್‌ಗಳು. ನೀರು ತುಂಬಿ ತಾನಾಗಿ ಸೋರುತ್ತದೆ. ಹೋದ ವಾರದಿಂದ ಟ್ರೇ ತುಂಬಿ ಅಂಚಿನಿಂದ ಹೊರಗೆ ಚೆಲ್ಲುತ್ತಿದೆ. ಇದೂ ನಾಜಲ್ ತೊಂದರೆಯೇ?

ನೀರಗಂಟಿ

ನಿಮ್ಮದು ಕ್ರಾಸ್‌ಫ್ಲೋ. ಗಾಳಿ ಪಕ್ಕದಿಂದ ಅಡ್ಡಲಾಗಿ ಬರುತ್ತದೆ, ನೀರು ಮೇಲಿಂದ ಇಳಿಯುತ್ತದೆ. ಆ ಟ್ರೇಗೆ ಹಾಟ್ ವಾಟರ್ ಬೇಸಿನ್ ಅನ್ನುತ್ತಾರೆ. ಇಲ್ಲಿ ನೀರನ್ನು ತಳ್ಳುವುದು ನೀರಿನ ಎತ್ತರ ಮಾತ್ರ. ನನಗೆ ಈ ವಿನ್ಯಾಸ ಇಷ್ಟ. ಟವರ್ ಓಡುತ್ತಿರುವಾಗಲೇ ಮುಚ್ಚಳ ತೆಗೆದು ಯಾವ ನಾಜಲ್ ಕಟ್ಟಿಕೊಂಡಿದೆ ಅಂತ ಕಣ್ಣಾರೆ ನೋಡಬಹುದು. ಕೌಂಟರ್‌ಫ್ಲೋದಲ್ಲಿ ನಾಜಲ್ ಮೇಲೆ ಹನಿ ತಡೆಯುವ ಎಲಿಮಿನೇಟರ್ ಇರುತ್ತದೆ, ಅದನ್ನು ಬಿಚ್ಚದೆ ಏನೂ ಕಾಣುವುದಿಲ್ಲ.

ಲೆಕ್ಕ ಸುಲಭ. 25 ಮಿಲಿಮೀಟರ್ ತೂತಿನ ಮೇಲೆ 10 ಸೆಂಟಿಮೀಟರ್ ನೀರು ನಿಂತಿದ್ದರೆ ಗಂಟೆಗೆ ಸುಮಾರು ಒಂದೂವರೆ ಸಾವಿರ ಲೀಟರ್ ಇಳಿಯುತ್ತದೆ. ಎತ್ತರ ಎರಡರಷ್ಟಾದರೆ ನೀರು ಎರಡರಷ್ಟಾಗುವುದಿಲ್ಲ, ವರ್ಗಮೂಲದ ಲೆಕ್ಕದಲ್ಲಿ ಏರುತ್ತದೆ. ನೀರು ಎರಡರಷ್ಟು ಇಳಿಯಬೇಕಾದರೆ ಎತ್ತರ ನಾಲ್ಕರಷ್ಟು ಬೇಕು. ಅದಕ್ಕೇ ಅರ್ಧ ನಾಜಲ್ ಕಟ್ಟಿಕೊಂಡರೆ ಟ್ರೇ ಉಕ್ಕಿ ಹರಿಯುವುದು. ಉಳಿದ ಅರ್ಧ ನಾಜಲ್‌ಗಳು ಪೂರ್ತಿ ನೀರು ಇಳಿಸಲು 40 ಸೆಂಟಿಮೀಟರ್ ಕೇಳುತ್ತವೆ, ನಿಮ್ಮ ಟ್ರೇ ಅಂಚು ಅಷ್ಟು ಎತ್ತರ ಎಲ್ಲಿದೆ?

ಉಲ್ಟಾ ತೊಂದರೆಯೂ ಇದೆ. ಚಳಿಗಾಲದಲ್ಲಿ ಪಂಪ್ ಒಂದು ನಿಲ್ಲಿಸಿ ಅರ್ಧ ನೀರು ಬಿಟ್ಟರೆ ಟ್ರೇಯಲ್ಲಿ ಎತ್ತರ ಕಾಲು ಭಾಗಕ್ಕೆ ಇಳಿಯುತ್ತದೆ. ಆಗ ಟ್ರೇ ಸ್ವಲ್ಪ ವಾಲಿದ್ದರೂ ಗೊತ್ತಾಗಿಬಿಡುತ್ತದೆ. ಒಂದು ತುದಿಯಲ್ಲಿ 150 ಮಿಲಿಮೀಟರ್, ಇನ್ನೊಂದರಲ್ಲಿ 130 ಇದ್ದರೆ ನೀರಿನಲ್ಲಿ ವ್ಯತ್ಯಾಸ ಶೇಕಡಾ 7. ಅದೇ 20 ಮಿಲಿಮೀಟರ್ ವಾಲಿಕೆ, ಆದರೆ ನೀರು 40 ಮತ್ತು 20 ಅಂದುಕೊಳ್ಳಿ. ವ್ಯತ್ಯಾಸ ಶೇಕಡಾ 30 ಹತ್ತಿರ. ಸ್ಪಿರಿಟ್ ಲೆವೆಲ್ ಇಟ್ಟು ನೋಡುವ ಅಭ್ಯಾಸ ಮಾಡಿಕೊಳ್ಳಿ.

ಟ್ರೇ ಮೇಲೆ ಮುಚ್ಚಳ ಇದೆಯಾ?

ಎಸಿ_ಪ್ಲಾಂಟ್

ಇತ್ತು. ಗಾಳಿಗೆ ಹಾರಿ ಹೋಯಿತು. ಪಾಚಿ ಈಗ ಗಾರ್ಡನ್ ಥರ ಬೆಳೆದಿದೆ 😀

ನೀರಗಂಟಿ

ಹಾಗಾದರೆ ಉತ್ತರ ನೀವೇ ಕೊಟ್ಟಿರಿ. ಬೆಚ್ಚಗಿನ ನೀರು, ಮೇಲೆ ಬಿಸಿಲು. ಪಾಚಿಗೆ ಇನ್ನೇನು ಬೇಕು? ಮುಚ್ಚಳ ಹಾಕಿಸಿ, ಪಾಚಿ ಕೆರೆದು ಹೊರಗೆ ತೆಗೆಯಿರಿ. ಪಾಚಿಯನ್ನು ನಾಜಲ್ ಒಳಗೆ ತಳ್ಳಬೇಡಿ, ಕೆಳಗೆ ಫಿಲ್‌ನಲ್ಲಿ ಕೂರುತ್ತದೆ. ಮುಖಕ್ಕೆ ಒಳ್ಳೇ ಮಾಸ್ಕ್ ಹಾಕಿಕೊಳ್ಳಿ, ಇದು ತಮಾಷೆಗಲ್ಲ. 1976ರಲ್ಲಿ ಅಮೆರಿಕದ ಫಿಲಡೆಲ್ಫಿಯಾದಲ್ಲಿ ಒಂದು ಹೋಟೆಲಿನಲ್ಲಿ ಮಾಜಿ ಸೈನಿಕರ ಸಮಾವೇಶಕ್ಕೆ ಬಂದವರು ನ್ಯುಮೋನಿಯಾ ಬಂದು ಸತ್ತರು. ಆ ರೋಗಾಣುವಿಗೆ ಆಮೇಲೆ ಲೀಜನೆಲ್ಲಾ ಅಂತ ಹೆಸರಾಯಿತು. ಕೂಲಿಂಗ್ ಟವರಿನ ಬೆಚ್ಚನೆ ನೀರು, ಕೆಸರು, ಪಾಚಿ ಅದಕ್ಕೆ ಹೇಳಿ ಮಾಡಿಸಿದ ಜಾಗ. ಸಣ್ಣ ಹನಿಯ ಜೊತೆ ಶ್ವಾಸಕೋಶಕ್ಕೆ ಹೋಗುತ್ತದೆ.

ಫೈನಲ್_ಇಯರ್_ಮೆಕ್

ಸರ್, ಥರ್ಮಲ್ ಸ್ಥಾವರಗಳಲ್ಲಿ ಸೊಂಟ ಸಣ್ಣ ಇರುವ ದೊಡ್ಡ ಟವರ್ ಇರುತ್ತಲ್ಲ, ಅದರಲ್ಲಿ ನೀರನ್ನು ತುದಿಯವರೆಗೆ ಏರಿಸುತ್ತಾರಾ? ನಮ್ಮ ಹಾಸ್ಟೆಲ್‌ನಲ್ಲಿ ಇದೇ ಜಗಳ.

ಗ್ಯಾಸ್ಕೆಟ್_ಗೌಡ

ಇಲ್ಲಪ್ಪ. ಅಷ್ಟು ಎತ್ತರ ಏರಿಸಿದರೆ ಪಂಪಿಗೇ ಸುಮ್ಮನೆ ಎಷ್ಟೋ ಕರೆಂಟ್ ಹೋಗುತ್ತದೆ. ನೀರು ಏರುವುದು ಬುಡದ ಹತ್ತಿರದವರೆಗೆ ಮಾತ್ರ. ಅಲ್ಲಿ ಕಾಂಕ್ರೀಟ್ ಕಾಲುವೆ, ಅದರಿಂದ ಕವಲೊಡೆದ ಪೈಪುಗಳು, ಕೆಳಗೆ ನಾಜಲ್. ಅದರ ಮೇಲೆ ಉಳಿದದ್ದೆಲ್ಲ ಖಾಲಿ ಚಿಪ್ಪು, ಗಾಳಿಯನ್ನು ಎಳೆಯುವ ಚಿಮಣಿ. ಫ್ಯಾನ್ ಇಲ್ಲ. ಒಳಗಿನ ಬಿಸಿ ತೇವದ ಗಾಳಿ ಹೊರಗಿನದಕ್ಕಿಂತ ಹಗುರ, ತಾನಾಗಿ ಏರುತ್ತದೆ. ಮೇಲೆ ಕಾಣುವುದು ಹೊಗೆ ಅಲ್ಲ, ಬರೀ ಹಬೆ. ಈ ಆಕಾರದ ಟವರನ್ನು ಮೊದಲು ಕಟ್ಟಿದ್ದು 1918ರಲ್ಲಿ, ನೆದರ್‌ಲ್ಯಾಂಡ್ಸ್‌ನ ಒಂದು ಕಲ್ಲಿದ್ದಲು ಗಣಿಯಲ್ಲಿ. ವಾನ್ ಇಟರ್ಸನ್ ಅನ್ನುವ ಎಂಜಿನಿಯರ್ ಮಾಡಿದ್ದು. ರಾಜಸ್ಥಾನದ ಕಾಳಿಸಿಂಧ್ ಸ್ಥಾವರದಲ್ಲಿ ಇರುವವು 202 ಮೀಟರ್ ಎತ್ತರ.

ಹಾಸ್ಟೆಲ್‌ನಲ್ಲಿ ಯಾರು ಗೆದ್ದರು?

ಫೈನಲ್_ಇಯರ್_ಮೆಕ್

ನಾನು ಸೋತೆ 😅

ಪೀಣ್ಯ_2ನೇ_ಹಂತ

ದೊಡ್ಡವರ ನಡುವೆ ನಮ್ಮದು ಸಣ್ಣ ಗೋಳು. ಪ್ಲಾಸ್ಟಿಕ್ ಮೋಲ್ಡಿಂಗ್ ಶೆಡ್, 30 ಟನ್ನಿನ (ತೂಕ ಅಲ್ಲ, ತಣಿಸುವ ಸಾಮರ್ಥ್ಯ) ಬಾಟಲ್ ಟವರ್. ದುಂಡಗಿನ ಫೈಬರ್ ಮೈ, ಒಳಗೆ ನಾಲ್ಕು ಕೈಯ ಸ್ಪ್ರಿಂಕ್ಲರ್. ಒಂದು ತಿಂಗಳಿಂದ ಸ್ಪ್ರಿಂಕ್ಲರ್ ತಿರುಗುತ್ತಿಲ್ಲ. ಅದರ ಮೋಟಾರ್ ಎಲ್ಲಿರುತ್ತದೆ, ಯಾರಾದರೂ ಹೇಳಿ. ಹುಡುಕಿ ಸಾಕಾಯಿತು.

ಗ್ಯಾಸ್ಕೆಟ್_ಗೌಡ

ಸಾಯುವವರೆಗೂ ಹುಡುಕಿದರೂ ಸಿಗಲ್ಲ ಸ್ವಾಮಿ, ಅದಕ್ಕೆ ಮೋಟಾರೇ ಇಲ್ಲ.

ನೀರಗಂಟಿ

ಗೌಡ್ರು ನಕ್ಕರೂ ಸರಿಯಾಗೇ ಹೇಳಿದರು. ಹುಲ್ಲುಹಾಸಿಗೆ ನೀರು ಹಾಕುವ ತಿರುಗಣೆ ನೋಡಿದ್ದೀರಲ್ಲ? ಅದೇ ತತ್ವ. ಪ್ರತಿ ಕೈಯಲ್ಲಿ ತೂತುಗಳು ನೇರ ಕೆಳಗೆ ನೋಡುವುದಿಲ್ಲ, ಸ್ವಲ್ಪ ಒಂದು ಪಕ್ಕಕ್ಕೆ ವಾಲಿರುತ್ತವೆ. ನೀರು ಹಿಂದಕ್ಕೆ ಚಿಮ್ಮಿದರೆ ಪೈಪು ಮುಂದಕ್ಕೆ ಹೋಗುತ್ತದೆ. ಕೈಯ ಬುಡ ಸಡಿಲಿಸಿ ಪೈಪನ್ನು ಸ್ವಲ್ಪ ಹೊರಳಿಸಿದರೆ ವೇಗ ಹೆಚ್ಚು ಕಡಿಮೆ ಮಾಡಬಹುದು. ತೀರಾ ಜೋರಾಗಿ ತಿರುಗಿದರೂ ಕಷ್ಟ, ನೀರೆಲ್ಲ ಗೋಡೆಗೆ ಬಡಿಯುತ್ತದೆ.

ತಿರುಗದಿದ್ದರೆ ನಾಲ್ಕು ಕೈಯ ಕೆಳಗೆ ನಾಲ್ಕು ಗೆರೆಯಲ್ಲಿ ಮಾತ್ರ ನೀರು ಬೀಳುತ್ತದೆ, ನಡುವಿನ ಫಿಲ್ ಪೂರ್ತಿ ಒಣ. ಟವರ್ ಇದ್ದೂ ಇಲ್ಲದ ಹಾಗೆ. ಫ್ಯಾನ್ ಆಫ್ ಮಾಡಿ, ಕೈಯಿಂದ ತಿರುಗಿಸಿ ನೋಡಿ. ಬಿಗಿ ಇದ್ದರೆ ಬೇರಿಂಗ್ ಅಥವಾ ಬುಶ್‌ನಲ್ಲಿ ಉಪ್ಪು ಕಟ್ಟಿದೆ. ಹಗುರವಾಗಿ ತಿರುಗಿದರೆ ತೂತು ಕಟ್ಟಿರಬೇಕು, ಇಲ್ಲವೇ ತುದಿಯ ಕ್ಯಾಪ್ ಬಿದ್ದುಹೋಗಿರಬೇಕು, ಇಲ್ಲವೇ ಪಂಪಿನಿಂದ ನೀರೇ ಕಡಿಮೆ ಬರುತ್ತಿರಬೇಕು.

ಪೀಣ್ಯ_2ನೇ_ಹಂತ

ಕೈಯಲ್ಲಿ ಬೆಣ್ಣೆಯ ಹಾಗೆ ತಿರುಗುತ್ತದೆ. ತೂತುಗಳನ್ನು ಸೂಜಿಯಿಂದ ಬಿಡಿಸಿದೆವು. ಕ್ಯಾಪ್ ನಾಲ್ಕೂ ಇವೆ. ನಮ್ಮ ಹುಡುಗ ತೂತು ದೊಡ್ಡದು ಮಾಡೋಣ ಅನ್ನುತ್ತಾನೆ, ಡ್ರಿಲ್ ಕೈಯಲ್ಲೇ ಇಟ್ಟುಕೊಂಡಿದ್ದಾನೆ.

ನೀರಗಂಟಿ

ಡ್ರಿಲ್ ಕಿತ್ತುಕೊಳ್ಳಿ ಮೊದಲು. ತೂತು ದೊಡ್ಡದಾದರೆ ಚಿಮ್ಮುವ ವೇಗ ಇನ್ನೂ ಇಳಿಯುತ್ತದೆ, ತಿರುಗುವ ಆಸೆಯೂ ಹೋಗುತ್ತದೆ. ಪಂಪ್ ಕಡೆ ನೋಡಿ. ತಿಂಗಳ ಹಿಂದೆ ಪಂಪಿಗೆ ಏನಾದರೂ ಮಾಡಿಸಿದಿರಾ?

ಕಬ್ಬಿನಗದ್ದೆ

ತೂತು ದೊಡ್ಡದು ಮಾಡುವ ರೋಗ ಎಲ್ಲಾ ಕಡೆ ಇದೆ ನೋಡಿ. ನಾನು ಮಂಡ್ಯ ಕಡೆಯವನು, ಸಕ್ಕರೆ ಕಾರ್ಖಾನೆಯಲ್ಲಿ ಇದ್ದೆ. ನಮ್ಮಲ್ಲಿ ಟವರ್ ಇರಲಿಲ್ಲ, ಸ್ಪ್ರೇ ಪಾಂಡ್ ಇತ್ತು. ಫ್ಯಾನ್ ಇಲ್ಲ, ಫಿಲ್ ಇಲ್ಲ, ಗೋಡೆಯೂ ಇಲ್ಲ. ದೊಡ್ಡ ಕೊಳ, ಅದರ ಮೇಲೆ ಪೈಪು, ಪೈಪಿನ ಮೇಲೆ ನಾಜಲ್. ನೀರು ಕಾರಂಜಿಯಂತೆ ಮೇಲೆ ಚಿಮ್ಮಿ ಹನಿಯಾಗಿ ಕೊಳಕ್ಕೆ ಬೀಳಬೇಕು, ಗಾಳಿಯಲ್ಲಿ ಇರುವ ಆ ಎರಡು ಮೂರು ಸೆಕೆಂಡಿನಲ್ಲೇ ತಣ್ಣಗಾಗಬೇಕು. ಪೂರ್ತಿ ಕೆಲಸ ನಾಜಲ್ ಮೇಲೆ.

ಕಬ್ಬಿನ ಸಿಪ್ಪೆಯ ಚೂರು ಹಾರಿ ಕೊಳಕ್ಕೆ ಬೀಳುತ್ತಿತ್ತು, ಪಂಪ್ ಅದನ್ನು ಎಳೆದು ನಾಜಲ್‌ಗೆ ಕಟ್ಟುತ್ತಿತ್ತು. ಒಬ್ಬ ಮೇಸ್ತ್ರಿ ಬೇಸರವಾಗಿ ಒಂದು ಸಾಲಿನ ನಾಜಲ್‌ಗಳನ್ನೆಲ್ಲ 25 ಮಿಲಿಮೀಟರಿಂದ 30ಕ್ಕೆ ಕೊರೆಸಿಬಿಟ್ಟ. ಬರೀ 5 ಮಿಲಿಮೀಟರ್ ಅಲ್ವಾ ಅಂದ. ಬಾಯಿಯ ವಿಸ್ತೀರ್ಣ ಶೇಕಡಾ 44 ಜಾಸ್ತಿ ಆಯಿತು. ಆ ಸಾಲು ನೀರು ಕುಡಿದು ಪಕ್ಕದ ಸಾಲುಗಳು ಸೊರಗಿದವು. ಹನಿ ದಪ್ಪ ಆಯಿತು, ಎತ್ತರಕ್ಕೆ ಏರಲಿಲ್ಲ. ಕೊಳದ ನೀರು ಬಿಸಿಯಾಯಿತು, ಕಂಡೆನ್ಸರಿನಲ್ಲಿ ವ್ಯಾಕ್ಯೂಮ್ ಬಿತ್ತು. ಸಕ್ಕರೆ ಪಾಕ ಕುದಿಸುವ ಪ್ಯಾನ್ ಮೇಲೆ ನಿಂತವರು ನಮ್ಮನ್ನು ಬೈದ ಬೈಗುಳ ಇಲ್ಲಿ ಬರೆಯಲಾಗದು.

ಕುಡ್ಲದ_ಸೆಖೆ

31.5 ಡಿಗ್ರಿ ನೀರು ಅಂತ ಓದಿ ಹೊಟ್ಟೆ ಉರಿಯಿತು ಮಾರಾಯ್ರೆ. ಮಂಗಳೂರಿನಲ್ಲಿ ಮೇ ತಿಂಗಳಲ್ಲಿ ನಾವು 33 ಕಂಡರೆ ಹಬ್ಬ.

ನೀರಗಂಟಿ

ನಿಮ್ಮಲ್ಲಿ ಗಾಳಿಯೇ ಒದ್ದೆ. ಅದು ಇನ್ನೆಷ್ಟು ಆವಿ ಹೊತ್ತೀತು? ಒದ್ದೆ ಬಟ್ಟೆ ಸುತ್ತಿದ ಥರ್ಮಾಮೀಟರ್ ತೋರಿಸುವ ಉಷ್ಣತೆ, ಅಂದರೆ ವೆಟ್ ಬಲ್ಬ್, ಅದಕ್ಕಿಂತ ಕೆಳಗೆ ಟವರ್ ನೀರನ್ನು ಇಳಿಸಲಾರದು. ನಿಮ್ಮಲ್ಲಿ ಅದು 27, 28 ಮುಟ್ಟುವ ದಿನ ಇರುತ್ತವೆ. ಅಷ್ಟಿದ್ದು 33 ಬಂದರೆ ನಿಮ್ಮ ಟವರ್ ಚೆನ್ನಾಗೇ ಇದೆ. ನೀರಿನ ಬಿಸಿ ಮಾತ್ರ ಹೇಳಿದರೆ ಏನೂ ತಿಳಿಯುವುದಿಲ್ಲ, ವೆಟ್ ಬಲ್ಬಿಗಿಂತ ಎಷ್ಟು ಮೇಲೆ ನಿಂತಿದೆ ಅನ್ನುವುದನ್ನು ಹೇಳಬೇಕು.

ಕೊಪ್ಪಳ_ಮೆಕ್ಯಾನಿಕ್

ಎಲ್ಲರಿಗೂ ಅಪ್‌ಡೇಟ್. ಗೇಜ್ ಅದಲುಬದಲು ಮಾಡಿದೆವು, ಎರಡೂ ಸರಿ ಇವೆ. ನಿಜವಾಗಿಯೂ ಎರಡನೇ ಸೆಲ್‌ನಲ್ಲೇ ಒತ್ತಡ ಕಡಿಮೆ. ವೆಟ್ ಬಲ್ಬ್ ಇವತ್ತು ಮಧ್ಯಾಹ್ನ 25. ಈ ಭಾನುವಾರ ಎರಡನೇ ಸೆಲ್ ನಾಲ್ಕು ಗಂಟೆ ನಿಲ್ಲಿಸಲು ಒಪ್ಪಿಗೆ ಸಿಕ್ಕಿದೆ. ಹೋಗುವ ಮುಂಚೆ ಏನೇನು ನೋಡಿಕೊಳ್ಳಲಿ?

ನೀರಗಂಟಿ

ಫ್ಯಾನ್ ಮೋಟಾರಿನ ಫ್ಯೂಸ್ ತೆಗೆಸಿ, ಬೀಗ ಹಾಕಿ, ಬೀಗದ ಕೈ ನಿಮ್ಮ ಜೇಬಿನಲ್ಲಿ ಇಟ್ಟುಕೊಳ್ಳಿ. ಸುಮ್ನೆ ಸ್ವಿಚ್ ಆಫ್ ಮಾಡಿ ಒಳಗೆ ಇಳಿಯಬೇಡಿ. ಗಾಳಿಗೆ ಫ್ಯಾನ್ ತಾನಾಗಿ ತಿರುಗುತ್ತದೆ, ಹಗ್ಗದಿಂದ ಬ್ಲೇಡ್ ಕಟ್ಟಿ. ಇದರಲ್ಲಿ ನನಗೆ ರಾಜಿ ಇಲ್ಲ.

ನೀರು ನಿಲ್ಲಿಸುವ ಮೊದಲು ಒಂದು ಪರೀಕ್ಷೆ ಮಾಡಿ. ಫ್ಯಾನ್ ನಿಲ್ಲಿಸಿ ನೀರು ಮಾತ್ರ ಬಿಡಿ. ಕೆಳಗೆ ಗಾಳಿ ಒಳಬರುವ ಲೂವರ್ ಕಡೆಯಿಂದ ಟಾರ್ಚ್ ಹಿಡಿದು ಮಳೆ ನೋಡಿ. ಎಲ್ಲಿ ಜಡಿಮಳೆ, ಎಲ್ಲಿ ತುಂತುರು ಅಂತ ಅರ್ಧ ಕಣ್ಣಿಗೇ ಗೊತ್ತಾಗುತ್ತದೆ. ಉಳಿದದ್ದಕ್ಕೆ ಒಂದೇ ಅಳತೆಯ ಬಕೆಟ್‌ಗಳನ್ನು ಹಲಗೆಯ ಮೇಲೆ ಸಾಲಾಗಿ ಇಡಿ, ಮೂವತ್ತು ಸೆಕೆಂಡು ಬಿಟ್ಟು ಹೊರಗೆ ಎಳೆದು ಅಳತೆ ಮಾಡಿ. ಕಾಗದದ ಮೇಲೆ ಚೌಕ ಬರೆದು ಅಂಕಿ ತುಂಬಿಸಿ. ನಾನು ಕಂಡ ಹಾಗೆ ಇಷ್ಟು ಅಗ್ಗದ ಉಪಕರಣ ಇನ್ನೊಂದಿಲ್ಲ.

ಒಳಗೆ ಲ್ಯಾಟರಲ್ ಪೈಪಿನ ಮೇಲೆ ಕಾಲಿಡಲು ಯಾರನ್ನೂ ಬಿಡಬೇಡಿ. ಪಿವಿಸಿ ಹಳೇದಾದ ಮೇಲೆ ಹಪ್ಪಳ. ಹಲಗೆ ಹಾಸಿಕೊಳ್ಳಿ.

ಕೊಪ್ಪಳ_ಮೆಕ್ಯಾನಿಕ್

ಭಾನುವಾರದ ವರದಿ. ಮೈ ಕೈ ನೋವು, ಆದರೆ ಖುಷಿ.

ಬಕೆಟ್ ಪರೀಕ್ಷೆಯಲ್ಲೇ ಅರ್ಧ ಉತ್ತರ ಸಿಕ್ಕಿತು. ಕೆಲವು ಬಕೆಟ್ ತಳ ಮಾತ್ರ ಒದ್ದೆ, ಎರಡು ಬಕೆಟ್ ತುಂಬಿ ಹರಿದವು. ಎಲಿಮಿನೇಟರ್ ತೆಗೆದು ಒಳಗೆ ಇಳಿದೆವು. ಸೆಲ್‌ನಲ್ಲಿ 12 ಲ್ಯಾಟರಲ್, ಒಂದೊಂದಕ್ಕೂ 12 ನಾಜಲ್, ಒಟ್ಟು 144. ಅದರಲ್ಲಿ 9 ನಾಜಲ್ ಇಲ್ಲವೇ ಇಲ್ಲ! ಕೆಳಗೆ ಫಿಲ್‌ನಲ್ಲಿ ಬಾವಿಯಂತೆ ಗುಂಡಿ ಬಿದ್ದಿದೆ. ಇನ್ನು 31 ನಾಜಲ್ ಪೂರ್ತಿಯಾಗಿಯೋ ಅರ್ಧವೋ ಕಟ್ಟಿಕೊಂಡಿವೆ. ಬಿಚ್ಚಿದರೆ ಒಳಗೆ ನಮ್ಮದೇ ಫಿಲ್‌ನ ಚೂರುಗಳು. ಒಣಗಿದ ಜಾಗದ ಅಂಚಿನಲ್ಲಿ ಫಿಲ್ ಮೇಲೆ ಬಿಳಿ ಸುಣ್ಣದ ಪದರ ಕಟ್ಟಿದೆ, ಚೆನ್ನಾಗಿ ನೆನೆಯುವ ಕಡೆ ಅದಿಲ್ಲ.

ಒಂದು ಅರ್ಥ ಆಗದ ವಿಷಯ. ಸರಿ ಇರುವ ಲ್ಯಾಟರಲ್‌ನಲ್ಲಿ ಕೊನೆಯ ನಾಜಲ್‌ಗೆ ಮೊದಲನೆಯದಕ್ಕಿಂತ ಸ್ವಲ್ಪ ಜಾಸ್ತಿ ನೀರು ಬರುತ್ತಿದೆ. ಬಕೆಟ್ ಅಳತೆ ಹಾಗೇ ಹೇಳುತ್ತದೆ. ನಾನು ತುಂಗಭದ್ರಾ ಎಡದಂಡೆ ಕಾಲುವೆ ನೋಡಿ ಬೆಳೆದವನು ಸರ್, ಕೊನೆಯವನಿಗೆ ನೀರು ಜಾಸ್ತಿ ಅಂದರೆ ನಂಬುವುದು ಹೇಗೆ?

ನೀರಗಂಟಿ

ಶಾಬಾಶ್. ಮೊದಲು ಆ 9 ತೂತಿನ ಲೆಕ್ಕ ಮಾಡೋಣ. ನಾಜಲ್ ಬಾಯಿ ಎಷ್ಟು, ಅದು ಕೂರುವ ತೂತು ಎಷ್ಟು?

ಕೊಪ್ಪಳ_ಮೆಕ್ಯಾನಿಕ್

ಬಾಯಿ 20 ಮಿಲಿಮೀಟರ್. ಕೂರುವ ತೂತು 50.

ನೀರಗಂಟಿ

ಹಾಗಾದರೆ ಒಂದು ಖಾಲಿ ತೂತು ಆರೂಕಾಲು ನಾಜಲ್‌ಗೆ ಸಮ. 9 ತೂತು ಅಂದರೆ 56 ನಾಜಲ್‌ನ ನೀರು. ಸರಿ ಇರುವ ನಾಜಲ್ 104, ಕಟ್ಟಿಕೊಂಡವು ಎಲ್ಲಾ ಸೇರಿ ಹತ್ತು ನಾಜಲ್‌ನಷ್ಟು ಕೆಲಸ ಮಾಡುತ್ತಿವೆ ಅಂದುಕೊಳ್ಳಿ. ಒಟ್ಟು 170. ಅದರಲ್ಲಿ 56 ಅಂದರೆ ಮೂರನೇ ಒಂದು ಪಾಲು ನೀರು ಆ 9 ತೂತಿನಿಂದ ಮುದ್ದೆಯಾಗಿ ಕೆಳಗೆ ಬೀಳುತ್ತಿದೆ. ಹಾಗೆ ಬೀಳುವ ನೀರು 40ರಿಂದ 38ಕ್ಕೆ ಇಳಿದರೆ ದೊಡ್ಡದು. ಉಳಿದ ಎರಡು ಪಾಲು ಒಂದನೇ ಸೆಲ್‌ನಂತೆ 31.5ಕ್ಕೆ ಇಳಿಯಿತು ಅನ್ನಿ. ಕಲಸಿದರೆ 33.7. ನೀವು ಅಳೆದದ್ದು 34. ಅಂದಾಜಿನ ಲೆಕ್ಕವೇ, ಆದರೂ ಫ್ಯಾನ್ ಪಾಪ ಏನೂ ತಪ್ಪು ಮಾಡಿಲ್ಲ ಅಂತ ಹೇಳಲು ಸಾಕು. ಗೌಡ್ರೇ, ಒತ್ತಡ ಯಾಕೆ ಬಿದ್ದಿತ್ತು ಅಂತ ಈಗ ತಾಳೆ ಆಯಿತಾ?

ಬಿಳಿ ಪದರಕ್ಕೂ ಇದೇ ಕಾರಣ. ಅರೆಬರೆ ನೆನೆಯುವ ಕಡೆ ನೀರು ಒಣಗಿ ಉಪ್ಪು ಅಲ್ಲೇ ಉಳಿಯುತ್ತದೆ. ಮತ್ತೆ ನೆನೆಯುತ್ತದೆ, ಮತ್ತೆ ಒಣಗುತ್ತದೆ. ಚೆನ್ನಾಗಿ ನೀರು ಹರಿಯುವ ಕಡೆ ತೊಳೆದುಹೋಗುತ್ತದೆ.

ಈಗ ಕೊನೆಯ ನಾಜಲ್ ಕಥೆ. ಎಡದಂಡೆ ಕಾಲುವೆಯ ಕೊನೆಯವರ ಗೋಳು ಪ್ರತಿ ವರ್ಷ ಪೇಪರಿನಲ್ಲಿ ಓದುತ್ತೇವೆ, ನಿಮ್ಮ ಆಶ್ಚರ್ಯ ಸಹಜ. ತೆರೆದ ಕಾಲುವೆಯಲ್ಲಿ ಮೇಲಿನವನು ತೂಬು ಎತ್ತಿದಷ್ಟೂ ಕೆಳಗಿನವನಿಗೆ ಕಡಿಮೆ. ಮುಚ್ಚಿದ ಪೈಪಿನಲ್ಲಿ ಇನ್ನೊಂದು ಆಟ ನಡೆಯುತ್ತದೆ. ಲ್ಯಾಟರಲ್ ಶುರುವಿನಲ್ಲಿ ನೀರು ವೇಗವಾಗಿ ಓಡುತ್ತಿರುತ್ತದೆ, 12 ನಾಜಲ್‌ನ ನೀರೂ ಅಲ್ಲೇ ಹಾದು ಹೋಗಬೇಕಲ್ಲ. ಒಂದೊಂದು ನಾಜಲ್ ದಾಟಿದಂತೆ ಪೈಪಿನೊಳಗೆ ನೀರು ಕಡಿಮೆ ಆಗುತ್ತದೆ, ಓಟ ನಿಧಾನ ಆಗುತ್ತದೆ. ಓಟದಲ್ಲಿದ್ದ ಶಕ್ತಿ ಒತ್ತಡವಾಗಿ ಮರಳುತ್ತದೆ. ಪೈಪಿನ ಗೋಡೆಗೆ ಉಜ್ಜಿ ಕಳೆದುಕೊಳ್ಳುವುದು ಒಂದು ಕಡೆ, ಹೀಗೆ ಗಳಿಸುವುದು ಇನ್ನೊಂದು ಕಡೆ. ಪೈಪು ಗಿಡ್ಡ, ನುಣುಪು ಇದ್ದರೆ ಗಳಿಕೆಯೇ ಗೆಲ್ಲುತ್ತದೆ.

ಇದು ಎಷ್ಟು ದೊಡ್ಡ ವಿಷಯ? ನೀರು ಸೆಕೆಂಡಿಗೆ 2 ಮೀಟರ್ ಓಡುತ್ತಿದ್ದರೆ ಆ ಓಟದ ಬೆಲೆ 20 ಸೆಂಟಿಮೀಟರ್ ನೀರಿನ ಎತ್ತರ. ನಿಮ್ಮ ನಾಜಲ್ ಮೇಲೆ ಎರಡು ಮೀಟರ್ ಇದ್ದರೆ ಅದು ಹತ್ತರಲ್ಲಿ ಒಂದು, ನೀರಿನಲ್ಲಿ ವ್ಯತ್ಯಾಸ ಶೇಕಡಾ 5. ತಲೆ ಕೆಡಿಸಿಕೊಳ್ಳಬೇಡಿ. ಆದರೆ ಖರ್ಚು ಉಳಿಸಲು ಯಾರಾದರೂ ಲ್ಯಾಟರಲ್ ಸಣ್ಣದು ಹಾಕಿದರೆ ಓಟ ಏರಿ, ಈ ವ್ಯತ್ಯಾಸವೂ ಏರುತ್ತದೆ.

ಗ್ಯಾಸ್ಕೆಟ್_ಗೌಡ

ತಾಳೆ ಆಯಿತು, ಒಪ್ಪಿದೆ. ಹಾಗಾದರೆ ಒತ್ತಡ ಜಾಸ್ತಿ ಕೊಟ್ಟರೆ ಎಲ್ಲಾ ನಾಜಲ್ ಸಮ ಆಗುತ್ತವಲ್ಲ? ಪಂಪ್ ದೊಡ್ಡದು ಹಾಕಿದರಾಯಿತು.

ನೀರಗಂಟಿ

ಆಗುತ್ತದೆ, ಆದರೆ ಬಿಲ್ ನೀವು ಕಟ್ಟುತ್ತೀರಾ? ಗಂಟೆಗೆ 1000 ಕ್ಯೂಬಿಕ್ ಮೀಟರ್ ನೀರನ್ನು ಒಂದೇ ಒಂದು ಮೀಟರ್ ಜಾಸ್ತಿ ಎತ್ತಲು ಪಂಪು, ಮೋಟಾರಿನ ನಷ್ಟ ಸೇರಿ ಮೂರೂವರೆ ಕಿಲೋವಾಟ್ ಬೇಕು. ವರ್ಷಕ್ಕೆ 8000 ಗಂಟೆ ಓಡಿದರೆ 28,000 ಯೂನಿಟ್. ಅದಕ್ಕೇ ಈಗಿನ ನಾಜಲ್‌ಗಳು ಕಡಿಮೆ ಒತ್ತಡ, ದೊಡ್ಡ ಬಾಯಿ. ಬಾಯಿಯ ಕೆಳಗೆ ಹಲ್ಲು ಹಲ್ಲಿನ ತಟ್ಟೆ ಇರುತ್ತದೆ, ನೀರು ಅದಕ್ಕೆ ಬಡಿದು ಛತ್ರಿಯಂತೆ ಹರಡುತ್ತದೆ. ಒಂದು ಛತ್ರಿಯ ಅಂಚು ಪಕ್ಕದ್ದರ ಮೇಲೆ ಬರಬೇಕು. ಒತ್ತಡ ತೀರಾ ಇಳಿದರೆ ಛತ್ರಿ ಮುದುಡಿ ನಡುವೆ ಒಣ ಜಾಗ ಬೀಳುತ್ತದೆ. ತೀರಾ ಏರಿದರೆ ಹನಿ ಪುಡಿಯಾಗಿ ಗಾಳಿಯ ಜೊತೆ ಮೇಲೆ ಹೋಗುತ್ತದೆ.

ಕೊಪ್ಪಳದವರೇ, ಹೊಸ ನಾಜಲ್ ಹಾಕುವ ಮುಂಚೆ ಫಿಲ್ ಚೂರು ಹೆಡರಿಗೆ ಬಂದದ್ದು ಹೇಗೆ ಕೇಳಿಕೊಳ್ಳಿ. ಟವರ್ ಕೆಳಗೆ ನೀರು ಸೇರುವ ತೊಟ್ಟಿ, ಅಂದರೆ ಸಂಪಿನ ಜಾಲರಿ ಹರಿದಿರಬೇಕು. ಗುಂಡಿ ಬಿದ್ದ ಕಡೆ ಫಿಲ್ ಮುರಿದು ಕೆಳಗೆ ಬೀಳುತ್ತದೆ, ಜಾಲರಿ ದಾಟಿ ಪಂಪಿಗೆ, ಪಂಪಿನಿಂದ ನಾಜಲ್‌ಗೆ. ಜಾಲರಿ ಬಿಟ್ಟು ನಾಜಲ್ ಹಾಕಿದರೆ ಮುಂದಿನ ತಿಂಗಳು ಮತ್ತೆ ಇಲ್ಲಿಗೇ ಬರುತ್ತೀರಿ. ಲ್ಯಾಟರಲ್ ತುದಿಯ ಕ್ಯಾಪ್ ಬಿಚ್ಚಿ ನೀರು ಬಿಟ್ಟು ತೊಳೆಯಿರಿ. ನಾಜಲ್ ಕೈಯಲ್ಲೇ ಬಿಗಿ ಮಾಡಿ. ನಿಮ್ಮ 9 ನಾಜಲ್‌ನ ಥ್ರೆಡ್ ಸವೆದದ್ದು ಯಾರೋ ಪೈಪ್ ರೆಂಚ್ ಹಾಕಿದ್ದರಿಂದಲೇ ಅಂತ ಪಂದ್ಯ ಕಟ್ಟುತ್ತೇನೆ.

ಕೊಪ್ಪಳ_ಮೆಕ್ಯಾನಿಕ್

ಪಂದ್ಯ ಗೆದ್ದಿರಿ ಸರ್. ಫಿಟ್ಟರ್ ಒಪ್ಪಿಕೊಂಡ. ಜಾಲರಿಯೂ ಒಂದು ಮೂಲೆಯಲ್ಲಿ ಕೈ ತೂರುವಷ್ಟು ಹರಿದಿತ್ತು.

ಜಾಲರಿ ಬೆಸುಗೆ ಮಾಡಿಸಿ, 40 ಹೊಸ ನಾಜಲ್ ಹಾಕಿ, ಗುಂಡಿ ಬಿದ್ದ 9 ಕಡೆ ಮಾತ್ರ ಫಿಲ್ ತುಂಡು ಬದಲಿಸಿದೆವು. ಬ್ಲೇಡ್ ಕೋನ ಹಿಂದಿನಂತೆ ಮಾಡಿದೆವು. ಒತ್ತಡ ಈಗ 0.24. ಇವತ್ತು ವೆಟ್ ಬಲ್ಬ್ 25ರಲ್ಲಿ ಎರಡನೇ ಸೆಲ್ 32 ಕೊಡುತ್ತಿದೆ. ಉಳಿದ ಅರ್ಧ ಡಿಗ್ರಿ ಆ ಸುಣ್ಣದ ಪದರದ್ದು ಇರಬೇಕು. ಪೂರ್ತಿ ಫಿಲ್ ಬದಲಿಸುವ ಮಾತು ಸಾಹೇಬರು ಸದ್ಯ ಎತ್ತುತ್ತಿಲ್ಲ.

ಕುಡ್ಲದ_ಸೆಖೆ

32! ಮತ್ತೆ ಹೊಟ್ಟೆ ಉರಿಸಿದಿರಿ.

ಪೀಣ್ಯ_2ನೇ_ಹಂತ

ನನ್ನದೂ ಮುಗಿಯಿತು. ನೀರಗಂಟಿ ಸರ್ ಪಂಪಿಗೆ ಏನು ಮಾಡಿಸಿದಿರಿ ಅಂತ ಕೇಳಿದ್ದಿರಲ್ಲ, ನಾಚಿಕೆಯಾಗಿ ಉತ್ತರ ಕೊಟ್ಟಿರಲಿಲ್ಲ. ತಿಂಗಳ ಹಿಂದೆ ಪಂಪ್ ಮೋಟಾರ್ ಸುಟ್ಟು ರೀವೈಂಡ್ ಮಾಡಿಸಿದ್ದೆವು. ಮತ್ತೆ ಜೋಡಿಸುವಾಗ ಎರಡು ಫೇಸ್ ಅದಲುಬದಲಾಗಿ ಪಂಪ್ ಉಲ್ಟಾ ತಿರುಗುತ್ತಿತ್ತು. ಉಲ್ಟಾ ತಿರುಗಿದರೂ ನೀರು ಬರುತ್ತದೆ, ಸ್ವಲ್ಪ ಮಾತ್ರ. ಅದಕ್ಕೇ ಯಾರಿಗೂ ಅನುಮಾನ ಬರಲಿಲ್ಲ. ಇವತ್ತು ಎರಡು ವೈರ್ ಬದಲಿಸಿದೆವು. ಸ್ಪ್ರಿಂಕ್ಲರ್ ಗಿರಗಿರ ಅಂತ ಎದ್ದಿತು, ಹುಡುಗ ಒಳಗೆ ಇಣುಕಿ ನೋಡುತ್ತಿದ್ದವನು ತೊಯ್ದು ತೊಪ್ಪೆಯಾದ.

ಗ್ಯಾಸ್ಕೆಟ್_ಗೌಡ

ಡ್ರಿಲ್ ಎಲ್ಲಿದೆ ಈಗ?

ಪೀಣ್ಯ_2ನೇ_ಹಂತ

ನನ್ನ ಟೇಬಲ್ ಡ್ರಾಯರ್‌ನಲ್ಲಿ, ಬೀಗ ಹಾಕಿದೆ.